ಮಿಷಿನ್ ಪಕ್ಕದ ಚಪ್ಪಲಿ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ

ಮತ್ತೆ ಕರೆಂಟ್ ಹೋಯಿತು. ಕರೆಂಟ್ ಅಲ್ಲ, ಟ್ರಿಪ್ ಸ್ವಿಚ್. ಪುಟ್ಟಿಯ ಬಟ್ಟೆ ವಾಷಿಂಗ್ ಮಿಷಿನ್ನಿಗೆ ತುಂಬಿ ಬಿಸಿನೀರಿಗೆ ತಿರುಗಿಸಿದ್ದೆ ಅಷ್ಟೆ. ಟಪ್. ಫ್ಯಾನ್ ನಿಂತಿತು, ಆಗಷ್ಟೇ ಕಣ್ಣು ಮುಚ್ಚಿದ್ದ ಮಗು ಎದ್ದಳು. ಒಳಗಿನಿಂದ ಇವರ ಕೂಗು: "ಮೀಟಿಂಗ್ ಮಧ್ಯದಲ್ಲೇ ಹೋಯ್ತಲ್ಲೇ!" ನಾನೇ ತಂತಿ ಕಿತ್ತು ಬಂದ ಹಾಗೆ.

ಅತ್ತೆ ನಕ್ಕರು. "ಆ ಸ್ವಿಚ್ಚೂ ನಿನ್ ಹೆಂಡ್ತಿ ಥರಾನೇ ಕಣೋ. ಮಾತೆತ್ತಿದ್ರೆ ಟ್ರಿಪ್ಪು."

ಇವರೂ ನಕ್ಕರು. ನಗಲಿ. ನಿದ್ದೆಯಿಲ್ಲದೆ ತಲೆ ಧಿಮ್ಮೆನ್ನುತ್ತಿದೆ, ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ... ಯಾರಿಗೆ ಹೇಳಲಿ?

ಮಾರ್ಚ್ 5, ಬುಧವಾರ

ಪುಟ್ಟಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಹೊರಟಿದ್ದ. ಗೇಟಿನಲ್ಲಿ ಸಿಕ್ಕ.

"ಏನಿಲ್ಲ ಮೇಡಂ, ಸ್ವಿಚ್ಚು ಸುಮ್‌ಸುಮ್ನೆ ಬೀಳ್ತಿತ್ತು. ಅದನ್ನ ಬಿಟ್ಟು ತಂತಿ ನೇರ ಜೋಡ್ಸಿ ಬೈಪಾಸ್ ಮಾಡಿದೀನಿ. ಇನ್ನು ಬೀಳೋದೇ ಇಲ್ಲ."

"ಕರೆಂಟ್ ಎಲ್ಲಿ ಲೀಕ್ ಆಗ್ತಿದೆ ಅಂತ ನೋಡಿದ್ರಾ?"

"ಅದೆಲ್ಲ ಯಾಕೆ ಮೇಡಂ, ಲೈಟ್ ಉರೀತಿದ್ಯಲ್ಲ."

ಬೈಪಾಸ್! ಕೂಗುವವರ ಬಾಯಿಗೆ ಬಟ್ಟೆ ತುರುಕಿ, ನೋಡಿ ಎಷ್ಟು ಶಾಂತವಾಗಿದೆ ಅನ್ನುವುದು.

ಇವರಿಗೆ ಬಿಡಿಸಿ ಹೇಳಿದೆ. ಒಂದು ತಂತಿಯಲ್ಲಿ ಹೋದಷ್ಟು ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರಬೇಕು. ಕಡಿಮೆ ಬಂತೆಂದರೆ ನಡುವೆ ಬೇರೆ ದಾರಿ ಹಿಡಿದಿದೆ. ಗೋಡೆ, ನೀರು, ಮನುಷ್ಯರ ಮೈ. ಸ್ವಿಚ್ ಕಾಯುವುದು ಅದೊಂದನ್ನೇ. ಫಸ್ಟ್ ಇಯರ್ ಪಾಠ. ನಾನು ಎಲೆಕ್ಟ್ರಾನಿಕ್ಸ್ ಓದಿದ್ದು ಈ ಮನೆಯಲ್ಲಿ ಯಾರಿಗಾದರೂ ನೆನಪಿದೆಯೋ ಇಲ್ಲವೋ.

"ನೀನು ಸ್ವಲ್ಪ ಮಲಕ್ಕೋ," ಅಂದರು.

ಎಲ್ಲದಕ್ಕೂ ಅದೇ ಔಷಧಿ. ಮಲಗಿದರೆ ಮಗು ಎತ್ತಿಕೊಳ್ಳುವವರು ಯಾರು?

ಮಾರ್ಚ್ 10, ಸೋಮವಾರ

ಇಷ್ಟು ದಿನ ಸ್ವಿಚ್ ಬೀಳಲಿಲ್ಲ. ಎಲ್ಲರಿಗೂ ಖುಷಿ. ಪುಟ್ಟಿಯ ಅಂಬೆಗಾಲು ಹಾಲ್ ದಾಟಿ, ಮಿಷಿನ್ ಇರುವ ಬಚ್ಚಲವರೆಗೆ ಬಂದಿದೆ. ಸಿಕ್ಕಿದ್ದನ್ನೆಲ್ಲ ಹಿಡಿದು ಏಳಲು ನೋಡುತ್ತಾಳೆ.

ಇವತ್ತು ಬಟ್ಟೆ ತೆಗೆಯಲು ಮಿಷಿನ್ ಮುಟ್ಟಿದೆ. ಒದ್ದೆ ನೆಲ, ಬರಿಗಾಲು. ಮೊಣಕೈವರೆಗೆ ಜುಮ್ಮೆಂದಿತು. ಕಿರುಚಿದೆ.

ಇವರು ಬಂದು ಮಿಷಿನ್ ಮೇಲೆ ಕೈಯಿಟ್ಟು ತೋರಿಸಿದರು. "ಎಲ್ಲಿದೆ? ನಂಗೇನೂ ಆಗ್ತಿಲ್ವಲ್ಲ. ನಿದ್ದೆಯಿಲ್ದೆ ನಿನ್ನ ನರಗಳೇ..."

ಟೆಸ್ಟರ್ ತಂದು ಮುಟ್ಟಿಸಿದೆ. ಕೆಂಪಗೆ ಉರಿಯಿತು.

"ಅಗ್ಗದ ಟೆಸ್ಟರ್ ಅದು. ಯಾವುದಕ್ಕಾದ್ರೂ ಉರಿಯತ್ತೆ."

ಅವರು ಹೋಗುವಾಗ ಕಂಡಿತು. ಕಾಲಲ್ಲಿ ರಬ್ಬರ್ ಚಪ್ಪಲಿ. ಮಿಷಿನ್ ಪಕ್ಕ ಸದಾ ಇರುವ ನೀಲಿ ಜೊತೆ. ಜಾರದಿರಲಿ ಎಂದು ಇಟ್ಟಿದ್ದಾರೆ ಅಂದುಕೊಂಡಿದ್ದೆ. ನನ್ನ ಕಾಲಿಗೆ ದೊಡ್ಡದು, ಒಂದು ದಿನವೂ ಹಾಕಿಕೊಂಡಿಲ್ಲ.

ಸಂಜೆ

ಅತ್ತೆಯನ್ನು ಕೇಳಿದೆ. ಬೀನ್ಸ್ ನಾರು ತೆಗೆಯುತ್ತಾ, ತಲೆಯೆತ್ತದೆ ಹೇಳಿದರು: "ಅಯ್ಯೋ, ಅದು ತಂದಾಗಿಂದ್ಲೂ ಒಂಚೂರು ಜುಮ್ ಅನ್ನತ್ತೆ ಕಣೇ. ಅದಕ್ಕೇ ತಾನೇ ಚಪ್ಪಲಿ ಇಟ್ಟಿರೋದು. ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ!

"ಇವರಿಗೂ ಗೊತ್ತಾ?"

"ಚಪ್ಪಲಿ ತಂದಿಟ್ಟಿದ್ದೇ ಅವನು."

ಗೊತ್ತಿದ್ದೂ ನನ್ನ ನರಗಳ ಮೇಲೆ ಹಾಕಿದರು! ಶಾಕ್ ಹೊಡೆಯುವ ಮಿಷಿನ್ನಿಗೆ ಚಪ್ಪಲಿ, ಎಚ್ಚರಿಸುವ ಸ್ವಿಚ್ಚಿಗೆ ಬೈಪಾಸ್, ಹೆಂಡತಿಗೆ ನಿದ್ದೆಯ ಉಪದೇಶ. ಎಂಥ ಬುದ್ಧಿವಂತರ ಮನೆ!

"ಅತ್ತೆ, ಪುಟ್ಟಿ ಚಪ್ಪಲಿ ಹಾಕ್ಕೊಳ್ಳಲ್ಲ," ಅಂದೆ.

ಬೀನ್ಸ್ ಮೇಲೆ ಅವರ ಕೈ ಹಾಗೇ ನಿಂತಿತು.

ಮಾರ್ಚ್ 11

ಇವರು ಹೊರಗೆ ಹೋದ ಕೂಡಲೇ ಕಾಲೇಜಿನ ಮಲ್ಟಿಮೀಟರ್ ಹುಡುಕಿ ತೆಗೆದೆ. ಸೆಲ್ ಸತ್ತಿತ್ತು. ಟಿವಿ ರಿಮೋಟಿನದು ಕಿತ್ತೆ.

"ಲೇ, ನನ್ನ ಧಾರಾವಾಹಿ!"

"ಐದೇ ನಿಮಿಷ ಅತ್ತೆ."

ಮಿಷಿನ್ ಪ್ಲಗ್ ಕಿತ್ತೆ. ಮೀಟರಿನ ಒಂದು ತುದಿ ಪ್ಲಗ್ಗಿನ ಕರೆಂಟ್ ಬರುವ ಪಿನ್ನಿಗೆ, ಇನ್ನೊಂದು ಮಿಷಿನ್ ಮೈಯ ಲೋಹಕ್ಕೆ. ಎರಡರ ನಡುವೆ ದಾರಿಯೇ ಇರಬಾರದು. ಇತ್ತು. ನೀರು ಕಾಯಿಸುವ ಕಾಯಿಲ್ ಬಿರುಕು ಬಿಟ್ಟಿರಬೇಕು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. "ಈ ಅಂಕಿ ಜಾಸ್ತಿಯಾಯ್ತೇನೇ?"

"ಬರಲೇಬಾರದು."

ಧಾರಾವಾಹಿಯ ಸುದ್ದಿ ಎತ್ತಲಿಲ್ಲ. ಮೇನ್ ಆಫ್ ಮಾಡಿ, ತಂತಿಗಳನ್ನು ಸ್ವಿಚ್ಚಿನ ಮೊದಲಿನ ಜಾಗಕ್ಕೆ ಕೂಡಿಸಿದೆ. ಅತ್ತೆ ಟಾರ್ಚ್ ಹಿಡಿದರು. ಮಿಷಿನ್ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿ ನೋಡಿದೆ. ಸ್ವಿಚ್ ಬೀಳಲಿಲ್ಲ.

ಮಾರ್ಚ್ 13, ಗುರುವಾರ, ಮಧ್ಯಾಹ್ನ

ರಿಪೇರಿಯವರು ಶನಿವಾರ ಬರುತ್ತಾರಂತೆ. ಇವರ ಮುಖ ಇನ್ನೂ ಊದಿಕೊಂಡೇ ಇದೆ. "ನನ್ನನ್ನೊಂದು ಮಾತು ಕೇಳ್ಬಹುದಿತ್ತು." ಚಪ್ಪಲಿ ಇಡೋವಾಗ ನೀವೂ ಹೇಳ್ಬಹುದಿತ್ತು, ಅಂದೆ.

ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದೆ. ಪುಟ್ಟಿ ಒದ್ದೆ ನೆಲದ ಮೇಲೆ ತೆವಳಿ ಬಂದಳು. ಎರಡೂ ಅಂಗೈ ಮಿಷಿನ್ನಿಗೆ ಒತ್ತಿ, ತಿಣುಕಿ... ಎದ್ದು ನಿಂತಳು! ಮೊದಲ ಸಲ. ಅತ್ತೆ ಚಪ್ಪಾಳೆ ತಟ್ಟಿದರು. ಇವರು ನೀಲಿ ಚಪ್ಪಲಿ ಮೆಟ್ಟಿಕೊಂಡು, ಮೊಬೈಲ್ ಹಿಡಿದು ಓಡಿ ಬಂದರು. "ಹಾಗೇ ನಿಂತ್ಕೋ ಪುಟ್ಟಿ, ಇಲ್ನೋಡು..."

ಅಂದವರ ಕೈಯ ಮೊಬೈಲ್ ತಟ್ಟನೆ ಕೆಳಗಿಳಿಯಿತು. ಕಣ್ಣು ಮಗುವಿನ ಬರಿಗಾಲ ಮೇಲೆ. ಆಮೇಲೆ ಪ್ಲಗ್ ಹುಡುಕಿತು. ಕಿಟಕಿಯ ಕಟ್ಟೆಯ ಮೇಲಿತ್ತು, ನಾನೇ ಸುತ್ತಿಟ್ಟಿದ್ದೆ.

ಫೋಟೋ ತೆಗೆಯಲಿಲ್ಲ. ಚಪ್ಪಲಿ ಕಳಚಿ, ಒದ್ದೆ ನೆಲದಲ್ಲೇ ಅವಳ ಪಕ್ಕ ಕುಕ್ಕರಿಸಿದರು.

ಈಗ ಆ ಚಪ್ಪಲಿ ಕಸದ ಬುಟ್ಟಿಯಲ್ಲಿದೆ. ಹಾಕಿದ್ದು ನಾನಲ್ಲ. ಇವರು ಆಗಿನಿಂದ ಬಾಗಿಲಲ್ಲಿ ನಿಂತಿದ್ದಾರೆ, ಏನೋ ಹೇಳಬೇಕು ಅನ್ನುವ ಹಾಗೆ. ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು. ಮೊದಲು ಕೇಳಬೇಕು, ಗೊತ್ತಿದ್ದೂ ಯಾಕೆ ನನ್ನ ನರಗಳ—

ಪುಟ್ಟಿ ನಿದ್ದೆಯಿಂದ ಎದ್ದಳು. ಇವರೇ ಎತ್ತಿಕೊಳ್ಳಲು ಹೋದರು.