ಮೂರನೆಯ ಸಾಕ್ಷಿ

ಮಗನೇ,

ರಾತ್ರಿ ಪಾಳಿ ಮುಗಿಸಿ ಹಸಿದು ಬಂದಿರುತ್ತೀಯ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಗ್ಯಾಸ್ ಆರಿಸಲು ಮರೆಯಬೇಡ.

ನಾನು ರಿಜಿಸ್ಟ್ರಾರ್ ಕಚೇರಿಗೆ ಹೊರಟೆ. ವಾಚ್ ರಿಪೇರಿಯವರು ನೇರ ಅಲ್ಲಿಗೇ ಬರುತ್ತಾರೆ. ನಮ್ಮಿಬ್ಬರ ಮದುವೆಯ ವಿಷಯ ಹೇಳಿದಾಗಿನಿಂದ ನೀನು ನನ್ನೊಡನೆ ಮಾತು ಬಿಟ್ಟಿದ್ದೀಯ. ನಿನ್ನ ಸೋದರತ್ತೆಯಾದರೂ, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಅಂತ ಮುಖದ ಮೇಲೇ ಕೇಳಿದಳು. ಬೇಕಿತ್ತು ಕಣೋ. ನಿನ್ನಪ್ಪ ಹೋದ ಮೇಲೆ ಟೀವಿಯ ಜೊತೆ ಜಗಳವಾಡಿ ಜಗಳವಾಡಿ ಸಾಕಾಗಿದೆ.

ಆದರೂ ಸೀರೆಯ ನೆರಿಗೆಯನ್ನು ಮೂರು ಸಲ ಬಿಚ್ಚಿ ಮತ್ತೆ ಹಿಡಿದೆ.

ಮೂವರು ಸಾಕ್ಷಿ ಬೇಕಂತೆ, ಇಬ್ಬರಿದ್ದಾರೆ. ಪಕ್ಕದ ಮನೆಯ ಟೀಚರ್ "ನಾನು ಬರ್ಲಾ?" ಅಂದರು. "ಬೇಡ, ಮಗ ಬರ್ತಾನೆ" ಅಂದುಬಿಟ್ಟೆ. ಹನ್ನೊಂದಕ್ಕೆ ನಮ್ಮನ್ನು ಕರೆಯುತ್ತಾರೆ. ಅಲ್ಲಿಯವರೆಗೆ ಬಾಗಿಲ ಕಡೆಗೇ ನೋಡುತ್ತಿರುತ್ತೇನೆ.

ಅಮ್ಮ