ಬಸ್ಸಿನ ಮುಂದೆ ನಿನ್ನ ಸೈಕಲ್ಲು

ಪದ್ಮಾ,

ಮೊದಲ ಶಿಫ್ಟಿಗೆ ಹೊರಟೆ. ಮಳೆ ನಿಂತಿಲ್ಲ. ಸೈಕಲ್ ಚೈನಿಗೆ ಎಣ್ಣೆ ಬಿಟ್ಟಿದ್ದೇನೆ. ಚಿತ್ರಾನ್ನ ಕಲಸಿಟ್ಟಿದ್ದೇನೆ, ತಿನ್ನದೆ ಹೊರಡಬೇಡ. ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೋ.

ಈ ಮಳೆಯಲ್ಲಿ ಮೈಸೂರಿನವರೆಗೆ ಸೈಕಲ್ಲಾ ಅಂತ ಮೊನ್ನೆ ರೇಗಿದ್ದೆ. ನಿನ್ನೆ ಸಂಜೆ ಅಂಜನಾಪುರದ ಹತ್ತಿರ, ಅಭ್ಯಾಸಕ್ಕೆ ಹೊರಟ ನಿಮ್ಮ ಸೈಕಲ್ ಗುಂಪು ನನ್ನ ಬಸ್ಸಿನ ಮುಂದೆಯೇ ಹೋಗುತ್ತಿತ್ತು. ವೈಪರ್ ಹಾಕಿದ್ದರೂ ನನಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಹಳದಿ ರೇನ್‌ಕೋಟಿನಿಂದ ನಿನ್ನ ಗುರುತು ಸಿಕ್ಕಿತು. ನೀನು ಎಲ್ಲರಿಗಿಂತ ಮುಂದಿದ್ದೆ. ಗುಂಡಿ ಬಂದಾಗಲೆಲ್ಲ ಕೈ ತೋರಿಸಿ ಹಿಂದಿನವರನ್ನು ದಾಟಿಸುತ್ತಿದ್ದೆ. ನಾನೂ ಆ ಕೈ ನೋಡಿಕೊಂಡೇ ಬಸ್ಸು ಓಡಿಸಿದೆ.

"ಹಾರನ್ ಹೊಡೀರಿ ಸಾರ್, ಲೇಟಾಗ್ತಿದೆ," ಅಂತ ಯಾರೋ ಕೂಗಿದರು.

"ಸುಮ್ನಿರಪ್ಪ, ಮುಂದೆ ಹೋಗ್ತಿರೋಳು ನಮ್ಮನೆಯವಳು," ಅಂದೆ.

ನರೇಂದ್ರ