ಹೂ ನೋಡುವ ನೆಪ

ಲಿತ್ಗೊ
ಅಕ್ಟೋಬರ್ ೧೪, ಸೋಮವಾರ

ನನ್ನ ನೊರೀನ್,

ಮಗಳ ಮನೆಯಿಂದ ನೀನು ಕಳಿಸಿದ ಅವಳಿ ಮೊಮ್ಮಕ್ಕಳ ಫೋಟೊ ತಲುಪಿತು. ಇಬ್ಬರಿಗೂ ನಿನ್ನದೇ ಗಲ್ಲ. ನನ್ನ ಕಿವಿ ಬರಲಿಲ್ಲವಲ್ಲ, ಮಗಳ ಪುಣ್ಯ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತಿಗೊಮ್ಮೆ ನಿಲ್ಲುತ್ತೇನೆ, ನೀನು "ಲೈನ್ ಕಟ್ಟಾಯ್ತಾ?" ಅನ್ನುತ್ತೀಯ, ನಾನು ಹೌದು ಅನ್ನುತ್ತೇನೆ. ಲೈನ್ ಚೆನ್ನಾಗಿಯೇ ಇದೆ. ಕಾಗದದಲ್ಲಿ ಎಷ್ಟು ಸಲ ನಿಂತೆ ಎಂದು ನಿನಗೆ ಗೊತ್ತಾಗುವುದಿಲ್ಲ.

ಹೋದ ತಿಂಗಳು ತೋಟದ ಸಮಿತಿಯ ಗ್ವೆನ್ ಮನೆಗೆ ಬಂದಿದ್ದಳು. ತೋಟದ ಸ್ಪರ್ಧೆಗೆ ಈ ವರ್ಷ ನಾನೇ ತೀರ್ಪುಗಾರನಂತೆ! "ಈ ಊರಲ್ಲಿ ಒಂದೊಂದ್ ಬೇಲಿಗೂ ನಿಂತು ಹೂ ನೋಡೋ ಗಂಡಸು ನೀನೊಬ್ನೇ ಕಣಯ್ಯ ಮರ್ವ್. ನಮ್ ಯಜಮಾನ್ರಿಗೆ ಹೂವಿಗೂ ಹೂಕೋಸಿಗೂ ವ್ಯತ್ಯಾಸ ಗೊತ್ತಿಲ್ಲ," ಅಂದಳು.

ನನಗಾದರೂ ಎಲ್ಲಿ ಗೊತ್ತು? ನಮ್ಮ ಗೇಟಿನಿಂದ ಪೇಪರ್ ಅಂಗಡಿಗೆ ಒಂಬತ್ತು ಬೇಲಿ. ಒಂದೊಂದರ ಹತ್ತಿರವೂ ನಾನು ನಿಲ್ಲುವುದು ಉಸಿರಿಗಾಗಿ. ಸುಮ್ಮನೆ ನಿಂತರೆ ಜನ ಏನಾಯಿತು ಎಂದು ಕೇಳುತ್ತಾರೆ, ಹೂ ನೋಡುತ್ತ ನಿಂತರೆ ಯಾರೂ ಕೇಳುವುದಿಲ್ಲ. ಗ್ವೆನ್‌ಗೆ ಆಗಲ್ಲ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಅದಕ್ಕೇ ಆಗಲಿ ಅಂದುಬಿಟ್ಟೆ. ಮೂವತ್ತೊಂದು ವರ್ಷ ಗಣಿಯ ಧೂಳು ನುಂಗಿದವನಿಗೆ ಈ ಒಣ ಜಂಬ ನುಂಗಲು ಆಗಲಿಲ್ಲ ನೋಡು.

ಮೊನ್ನೆ ಶನಿವಾರ ಹನ್ನೊಂದು ತೋಟ ನೋಡಬೇಕಿತ್ತು, ಎಲ್ಲವೂ ನಡೆದುಕೊಂಡೇ. ಗ್ವೆನ್ ಮತ್ತು ಸಮಿತಿಯ ಇನ್ನಿಬ್ಬರು ಹೆಂಗಸರು ನೋಟ್‌ಬುಕ್ ಹಿಡಿದು ನನ್ನ ಹಿಂದೆ. ಮೂರು ತೋಟ ಹೇಗೋ ಆಯಿತು. ನಾಲ್ಕನೆಯದು ದಿಬ್ಬದ ಮೇಲೆ, ಕಾರ್ಮೆನ್ ಝಮ್ಮಿತ್‌ಳ ಮನೆಯದು. ಅವಳ ಗಂಡ ಜೋ ನನ್ನ ಜೊತೆಯಲ್ಲೇ ಗಣಿಗೆ ಇಳಿಯುತ್ತಿದ್ದ, ನಿನಗೆ ನೆನಪಿದೆಯಲ್ಲ.

ಬೇಲಿ ಮುಟ್ಟುವಷ್ಟರಲ್ಲಿ ಎದೆ ಬಿಗಿದುಕೊಂಡಿತು. ಒಂದು ಎಲೆ ಹಿಡಿದು ಬಗ್ಗಿ ನಿಂತೆ. ನರ್ಸ್ ಹೇಳಿಕೊಟ್ಟಂತೆ ತುಟಿ ಸಣ್ಣದು ಮಾಡಿ ಉಸಿರು ಬಿಟ್ಟೆ, ಮತ್ತೆ ಬಿಟ್ಟೆ. ಒಳಗೆ ಹೋಗುವುದು ಮಾತ್ರ ಏನೂ ಇಲ್ಲ. ನಾನು ಅಷ್ಟು ಹೊತ್ತು ಎಲೆ ನೋಡುವುದನ್ನು ಕಂಡು ಸಮಿತಿಯವರು ಏನನ್ನೋ ಬರೆದುಕೊಂಡರು.

ಕಾರ್ಮೆನ್ ಅಡುಗೆಮನೆಯ ಕುರ್ಚಿ ಎತ್ತಿಕೊಂಡು ಬಂದಳು. ನನ್ನ ಹಿಂದೆ ಇಟ್ಟು, ಭುಜ ಒತ್ತಿ ಕೂರಿಸಿದಳು. "ಕೂತ್ಕೊ ಮಾರಾಯ. ಅದು ಬರೀ ಕಳೆ. ನಮ್ ಜೋನೂ ಹೀಗೇ ಹೂ ನೋಡ್ತಿದ್ದ."

ನಾನು ಅತ್ತುಬಿಟ್ಟೆ ನೊರೀನ್. ನಾಲ್ಕು ಹೆಂಗಸರ ಎದುರಿಗೆ. ಗ್ವೆನ್ ನೋಟ್‌ಬುಕ್ ಮುಚ್ಚಿ ಹುಲ್ಲಿನ ಮೇಲೆ ಕೂತಳು. "ನಂಗೂ ಮಂಡಿನೋವು, ಉಳಿದಿದ್ದು ಮುಂದಿನ್ ವಾರ ಕಾರಲ್ಲಿ ನೋಡಿದ್ರಾಯ್ತು," ಅಂದಳು. ಅವಳ ಮಂಡಿಗೆ ಏನೂ ಆಗಿಲ್ಲ, ಭಾನುವಾರ ಸೈಕಲ್ ಹೊಡೆಯುವುದನ್ನು ನೋಡಿದೆ.

ಅವರು ಹೋದ ಮೇಲೆ ಕಾರ್ಮೆನ್ ಟೀ ಕೊಟ್ಟು ಕೇಳಿದಳು, "ನೊರೀನ್‌ಗೆ ಹೇಳಿದ್ದೀಯಾ?" ನಾನು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ. "ನಮ್ಮೋನು ಕೊನೇತನಕ ಹೇಳ್ಲಿಲ್ಲ. ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಏದುಸಿರು ಬಿಡ್ತಿದ್ದ, ನಂಗೆ ಕೇಳಿಸ್ಬಾರ್ದು ಅಂತ. ಸತ್ತು ಆರು ವರ್ಷ ಆಯ್ತು, ಅವನ ಮೇಲಿನ ಕೋಪ ಇನ್ನೂ ಇಳಿದಿಲ್ಲ ನಂಗೆ."

ಆದ್ದರಿಂದ ಬರೆಯುತ್ತಿದ್ದೇನೆ. ಎದೆ ಮೊದಲಿನಂತೆಯೇ ಇದೆ ಎಂದು ವಾರ ವಾರ ಹೇಳಿದ್ದು ಸುಳ್ಳು. ಆಗಸ್ಟಿನಿಂದ ಏಳು ಕಿಲೊ ಇಳಿದಿದ್ದೇನೆ. ಅಂಗಿ ಹಾಕಿಕೊಂಡರೆ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂರಬೇಕು. ನಿನ್ನನ್ನು ಮೊಮ್ಮಕ್ಕಳಿಂದ ಎಳೆದು ತರಬಾರದೆಂದು ಮುಚ್ಚಿಟ್ಟೆ ಎನ್ನಬಹುದು, ಅದೂ ಅರ್ಧ ಸತ್ಯವೇ. ಉಳಿದರ್ಧ ಏನೆಂದರೆ, ಇದು ತಿಳಿದಾಗ ನಿನ್ನ ಮುಖದಲ್ಲಿ ಮೂಡುವ ಗಾಬರಿ ನೋಡಲು ಹೆದರಿಕೆಯಾಗಿತ್ತು. ಗುರುವಾರ ಹೇಗೂ ವಾಪಸ್ಸು ಬರುತ್ತೀಯಲ್ಲ, ಬೈಯುವುದಿದ್ದರೆ ಇಲ್ಲಿಗೆ ಬಂದೇ ಬೈ.

ನಿನ್ನವನೇ,
ಮರ್ವ್

ಮರೆತಿದ್ದೆ: ಗುರುವಾರ ನಿನ್ನ ರೈಲಿಗೆ ನಾನು ಸ್ಟೇಷನ್ನಿಗೆ ಬಂದೇ ಬರುತ್ತೇನೆ. ಮೂಗಿಗೆ ಆಕ್ಸಿಜನ್ ಕೊಳವೆ ಇರುತ್ತದೆ, ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾಕಿದರು. ಗಾಬರಿಯಾಗಬೇಡ. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ನಡುವೆ ನನ್ನನ್ನು ಹುಡುಕಬೇಡ, ಕೂತವರಲ್ಲಿ ನೋಡು.